ಮೊದಲ ಪೆಟ್ಟು ಖಾಲಿ

ಮೊಂತೆವಿದೇಯೊ, ಪಲೆರ್ಮೊ ಕೇರಿ, ಎರಡನೆಯ ಮಹಡಿ.
ರಾತ್ರಿಪಾಳಿಯ ಬಸ್ಸನ್ನು ಡಿಪೋದಲ್ಲಿ ಬಿಟ್ಟು
ಐದೂವರೆಗೆ ಬಂದು ಮಲಗುತ್ತೇನೆ.
ಆರಕ್ಕೆ ಸರಿಯಾಗಿ ತಲೆಯ ಮೇಲೆ
ಟಕ್ ಟಕ್ ಟಕ್.
ಒಂದಿಷ್ಟು ಬಿಡುವು. ಮತ್ತೆ
ಟಕ್ ಟಕ್ ಟಕ್.

ಹದಿನೈದು ದಿನ ದಿಂಬನ್ನು ಕಿವಿಗೊತ್ತಿಕೊಂಡೆ.
ಹದಿನಾರನೆಯ ದಿನ ಪೊರಕೆಯ ಕೋಲಿನಿಂದ
ಸೂರಿಗೆ ಗುದ್ದಿದೆ. ಸುಣ್ಣ ಉದುರಿ ಕಣ್ಣಿಗೇ ಬಿತ್ತು.
ಅದೇ ಕೆಂಗಣ್ಣಲ್ಲಿ ಮೆಟ್ಟಿಲು ಹತ್ತಿದೆ.

ಬಾಗಿಲು ತೆರೆದವಳು ಎಮೆತೇರಿಯಾ ಗುಲಾರ್ತೆ.
ಮೂವತ್ತೆಂಟು ವರ್ಷ ಹೋಟೆಲಿನ ಹಾಸುಬಟ್ಟೆಗಳ
ಸುಕ್ಕು ಬಿಡಿಸಿದ ಕೈ
ಈಗ ತನ್ನಷ್ಟಕ್ಕೆ ನಡುಗುತ್ತದೆ,
ಒಳಗಿನಿಂದ ಯಾರೋ ಚಿಲಕ ಅಲುಗಿಸಿದ ಹಾಗೆ.
"ನಿದ್ದೆ ಕೆಡಿಸಿದೆನೇ? ಬಾ, ಕೂರು" ಎಂದಳು.
"ಈ ಕಾಲು ಹೊಸ್ತಿಲಲ್ಲಿ ನಿಂತುಬಿಡುತ್ತದೆ ಮಗೂ.
ನನಗೂ ಅಡುಗೆಮನೆಗೂ ನಡುವೆ
ಒಂದಂಗುಲ ಮರ. ಕೆಲವು ದಿನ ಅದೇ ಹೊಳೆ.
ಅದಕ್ಕೇ ಎದ್ದ ಕೂಡಲೆ
ನೆಲದ ಹತ್ತಿರ ದಾರಿ ಕೇಳಿಕೊಳ್ಳುತ್ತೇನೆ."

ಮೂಲೆಯಲ್ಲಿ ಅವಳ ಅಣ್ಣನ ಡೋಲು, ಚೀಕೊ,
ಬೀದಿಯ ಮೂರು ಡೋಲುಗಳಲ್ಲಿ ಕಿರಿಯದು.
ಚರ್ಮ ಸಡಿಲಾಗಿದೆ. ಕೆಳಗೆ ಹೊತ್ತೊಯ್ದು
ರದ್ದಿ ಉರಿಸಿ ಕಾಯಿಸುವವರು ಯಾರು?
ಹಾಗಾಗಿ ಬ್ರೆಡ್ಡಿನ ಡಬ್ಬಿ, ಮರದ ಸೌಟು.

"ಹೊಡಿ ನೋಡೋಣ." ಹೊಡೆದೆ.
"ತಪ್ಪು. ಮೊದಲನೆಯದನ್ನು ಹೊಡೆಯಬಾರದು."
ಹೊಡೆದೆ. "ತಪ್ಪು."
ಹೊಡೆಯದೆ ಶುರು ಮಾಡುವುದು ಹೇಗೆ?
ಇಪ್ಪತ್ತು ವರ್ಷದಿಂದ ಕೀಲಿ ತಿರುಗಿಸಿದೊಡನೆ
ಗುಡುಗುವ ಯಂತ್ರವನ್ನೇ ನಂಬಿದವನು ನಾನು.
"ಮೊದಲನೆಯದು ಇದೆಯಪ್ಪಾ, ಕೇಳಿಸುವುದಿಲ್ಲ ಅಷ್ಟೆ.
ಹೆಜ್ಜೆ ಊರುವುದು ಅದರ ಮೇಲೆಯೇ.
ಆಮೇಲೆ ಮೂರು. ಅವಸರದವನಿಗೆ
ಮೂರೂ ಸಿಗುತ್ತವೆ, ಅದೊಂದು ಸಿಗುವುದಿಲ್ಲ."

ತಾಳದ ಬೆನ್ನಿಗೇ ಅಂಟಿಕೊಂಡಿದೆಯಲ್ಲ
ತಾಳು ಎಂಬ ಮಾತು;
ನಾನೇ ಇಷ್ಟು ದಿನ ಅದನ್ನು ದಾಟಿಕೊಂಡು ಓಡಿದ್ದೆ.

ಅವಳು ಎದ್ದಳು. ಹೊಸ್ತಿಲಲ್ಲಿ ನಿಂತಳು.
ಅಂಟು ಬಳಿದಂತೆ ಪಾದ.
ತೊಡೆಯ ಮೇಲೆ ಎರಡು ಬೆರಳು:
        ಟಕ್ ಟಕ್ ಟಕ್
        ಟಕ್ ಟಕ್ ಟಕ್
ಮೂರನೆಯ ಸುತ್ತಿನ ಖಾಲಿಯಲ್ಲಿ
ಕಾಲಿಟ್ಟಳು, ದಾಟಿದಳು,
ಮಾಟೆ ಸೊಪ್ಪಿಗೆ ಬಿಸಿನೀರು ಹೊಯ್ದು
ಅರ್ಧ ಚೆಲ್ಲಿ ಅರ್ಧ ಕೊಟ್ಟಳು. ಕಹಿಯಿತ್ತು. ಕುಡಿದೆ.

ಆ ರಾತ್ರಿ ಬಂದರಿನ ತಿರುವಿನಲ್ಲಿ ಕೆಂಪು ದೀಪ.
ಹಿಂದಿನ ಲಾರಿ ಹಾರ್ನಿನಲ್ಲೇ ನನ್ನ ವಂಶ ಜಾಲಾಡುತ್ತಿದೆ.
ಬಾಯಿಗೆ ಬಂದದ್ದನ್ನು ಬಾಯಲ್ಲೇ ಇಟ್ಟುಕೊಂಡು
ಸ್ಟಿಯರಿಂಗಿನ ಮೇಲೆ ಒಂದನ್ನು ಹೊಡೆಯದೆ ಬಿಟ್ಟೆ.
ಆ ಬಿಟ್ಟ ಜಾಗದಲ್ಲಿ
ಹಿಂದಿನ ಸೀಟಿನ ನರ್ಸಮ್ಮನ ಗೊರಕೆ ಕೇಳಿಸಿತು,
ಗಾಜಿಗೆ ಸಮುದ್ರದ ಉಪ್ಪು ಒರೆಸುವ ಗಾಳಿ,
ನನ್ನದೇ ಉಸಿರು, ಇಷ್ಟು ಹತ್ತಿರ.
ಆಮೇಲೆ ದೀಪ ಹಸಿರಾಯಿತು, ಮುಂದಿನ ತಿರುವಿನಲ್ಲಿ
ಸೈಕಲ್ಲಿನವನೊಬ್ಬನಿಗೆ ಬೈದೆ ಎನ್ನುವುದೂ ನಿಜ.

ಅವಳ ಕೈ ನಿಂತಿಲ್ಲ. ನನ್ನ ಸಿಟ್ಟೂ.
ಆದರೆ ಆರು ಗಂಟೆಗೆ
ಮೇಲೆ ಅವಳು ಸೌಟು, ಕೆಳಗೆ ನಾನು ಹೊದಿಕೆಯೊಳಗೆ ಬೆರಳು.
ಯಾವಾಗ ನಿದ್ದೆ ಹತ್ತಿತೆಂದು ಗೊತ್ತಾಗುವುದಿಲ್ಲ.

ಆಗಸ್ಟಿನ ಒಂದು ಚಳಿಯ ಬೆಳಗ್ಗೆ ಆರಾಯಿತು.
ಆರೂ ಹತ್ತಾಯಿತು.
ಸದ್ದಿಗೆ ಬೈದಿದ್ದವನು
ಸದ್ದಿಲ್ಲವೆಂದು ಎದ್ದು ಕೂತೆ.
ಪೊರಕೆ ತೆಗೆದು, ಸುಣ್ಣ ಉದುರಿದ ಅದೇ ಕಲೆಗೆ
ಮೆಲ್ಲಗೆ ಮೂರು ತಟ್ಟಿದೆ.

ಖಾಲಿ ಬಂತು.
ಇಷ್ಟುದ್ದದ ಖಾಲಿಯನ್ನು ಅವಳು ಕಲಿಸಿರಲಿಲ್ಲ.
ಕೋಲು ಹಿಡಿದೇ ನಿಂತೆ, ಕತ್ತೆತ್ತಿಕೊಂಡು.

ಟಕ್.
ಟಕ್ಟಕ್… ಟಕ್.

ನಡುಕಕ್ಕೆ ನಾಲ್ಕಾಗಿತ್ತು.
ತಪ್ಪು ಎನ್ನಲಿಲ್ಲ ನಾನು.
ಪೊರಕೆ ಗೋಡೆಗಾನಿಸಿ
ಮಲಗಿದೆ.